ಕರಾವಳಿಯ ಗದ್ದೆಗೆ ಯಾವ ಭತ್ತ? ಇಳುವರಿ, ಅಕ್ಕಿಯ ಗುಣ ಮತ್ತು ರೋಗನಿರೋಧವನ್ನು ಒಟ್ಟಿಗೆ ಅಳೆಯುವ ಬಗ್ಗೆ

ಮುಂಗಾರಿಗೆ ಮೊದಲು ರೈತ ಸಂಪರ್ಕ ಕೇಂದ್ರದ ಎದುರು ಬಿತ್ತನೆ ಬೀಜಕ್ಕಾಗಿ ನಿಂತವರು ಸಾಮಾನ್ಯವಾಗಿ ಒಬ್ಬರನ್ನೊಬ್ಬರು ಕೇಳುವುದು ಒಂದೇ ಮಾತು: ‘ಎಕರೆಗೆ ಎಷ್ಟು ಕ್ವಿಂಟಲ್ ಬರ್ತದೆ?’ ಪ್ರಶ್ನೆಯಲ್ಲಿ ತಪ್ಪಿಲ್ಲವಾದರೂ ಉತ್ತರವಾಗಿ ಸಿಗುವ ಅಂಕಿಯಿಂದ ಉತ್ತರ ಕನ್ನಡದ ರೈತನಿಗೆ ಆಗುವ ಪ್ರಯೋಜನ ಬಹಳ ಕಡಿಮೆ. ಆ ಅಂಕಿ ಬಂದದ್ದು ಬೇರೆ ಮಣ್ಣಿನಲ್ಲಿ, ಬೇರೆ ನೀರಿನಲ್ಲಿ. ಅಲ್ಲದೆ ಅದು ಭತ್ತದ ತೂಕವೇ ಹೊರತು ಅಕ್ಕಿಯದಲ್ಲ. ತಳಿಗಳನ್ನು ಹೋಲಿಸುವಾಗ ನಾನು ಈಗ ನೆಚ್ಚಿಕೊಂಡಿರುವ ಅಳತೆ ಬೇರೆಯದು: ಇಂಥ ಗದ್ದೆಯಲ್ಲಿ, ರೋಗ ಕೀಟಗಳು ತಮ್ಮ ಪಾಲು ತೆಗೆದುಕೊಂಡ ಮೇಲೆ, ಗುಂಟೆಗೆ ಎಷ್ಟು ಕಿಲೋ ಮುರಿಯದ ಅಕ್ಕಿ ಮನೆಗೆ ಬರುತ್ತದೆ ಎಂಬುದು. ಇಳುವರಿ, ಅಕ್ಕಿಯ ಗುಣ, ರೋಗನಿರೋಧ ಎಂಬ ಮೂರು ಅಂಕಣಗಳನ್ನು ಬೇರೆ ಬೇರೆಯಾಗಿ ಓದಿದರೆ ಈ ಲೆಕ್ಕ ಸಿಗುವುದಿಲ್ಲ.

ಮೊದಲು ಗದ್ದೆಯ ವಿಚಾರ. ಕರ್ನಾಟಕದ ಹತ್ತು ಕೃಷಿ ಹವಾಮಾನ ವಲಯಗಳಲ್ಲಿ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳು ಕರಾವಳಿ ವಲಯಕ್ಕೂ, ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಗುಡ್ಡಗಾಡು ವಲಯಕ್ಕೂ ಸೇರುತ್ತವೆ. ಆದರೆ ಇಷ್ಟು ವಿಂಗಡಣೆ ಸಾಲದು. ಒಂದೇ ಊರಿನೊಳಗೆ, ಮಳೆ ನಿಂತ ಕೆಲವೇ ದಿನಗಳಲ್ಲಿ ಬಿರುಕು ಬಿಡುವ ಮಕ್ಕಿ ಗದ್ದೆಯೂ ನವೆಂಬರಿನ ತನಕ ತೇವ ಹಿಡಿದಿಡುವ ತಗ್ಗಿನ ಬಯಲು ಗದ್ದೆಯೂ ಹಿನ್ನೀರಿಗೆ ತಾಗಿದ, ಉಬ್ಬರದ ಉಪ್ಪುನೀರಿನ ಅಂಜಿಕೆಯಿರುವ ಗಜನಿ ಗದ್ದೆಯೂ ಇರುತ್ತವೆ. ಮಕ್ಕಿಗೆ ಬೇಕಾದದ್ದು ನೂರಹತ್ತು, ನೂರಿಪ್ಪತ್ತು ದಿನಗಳಲ್ಲಿ ಮುಗಿಯುವ ತಳಿ. ಅಲ್ಲಿ ದೀರ್ಘಾವಧಿಯ ತಳಿಯನ್ನು ಹಾಕಿದರೆ ಹಾಲು ತುಂಬುವ ಹೊತ್ತಿಗೆ ನೀರು ತಪ್ಪಿ ತೆನೆಯ ಅರ್ಧ ಜೊಳ್ಳಾಗುತ್ತದೆ. ತಗ್ಗಿನ ಗದ್ದೆಯಲ್ಲಿ ಇದರ ತಿರುವುಮುರುವು: ಬೇಗ ಮಾಗುವ ತಳಿ ಸೆಪ್ಟೆಂಬರ್ ಕೊನೆಯ ಮಳೆಗೇ ಕೊಯ್ಲಿಗೆ ಬಂದು, ನೀರಿನಲ್ಲಿ ಮಲಗಿ, ತೆನೆಯಲ್ಲೇ ಮೊಳಕೆಯೊಡೆಯುತ್ತದೆ.

ಕರಾವಳಿಯಲ್ಲಿ ಎಲ್ಲ ಹೋಲಿಕೆಗೂ ಅಳತೆಗೋಲಿನಂತೆ ನಿಂತಿರುವುದು ಜಯ. ತೈವಾನಿನ ಗಿಡ್ಡ ತಳಿ ತೈಚುಂಗ್ ನೇಟಿವ್ 1 ಮತ್ತು ಒಡಿಶಾದ ಎತ್ತರದ ತಳಿ ಟಿ-141ರ ಸಂಕರದಿಂದ ಹುಟ್ಟಿ, ಹೈದರಾಬಾದಿನಿಂದ ನಡೆಯುವ ಅಖಿಲ ಭಾರತ ಭತ್ತ ಸುಧಾರಣಾ ಯೋಜನೆಯ ಮೂಲಕ 1968ರಲ್ಲಿ ಬಿಡುಗಡೆಯಾದ ತಳಿ ಇದು. ಸುಮಾರು 130 ದಿನಗಳ ಅವಧಿ, ಉದ್ದ ದಪ್ಪ ಕಾಳು, ಗೊಬ್ಬರ ಹಾಕಿದರೂ ಸುಲಭವಾಗಿ ಒರಗದ ಗಿಡ್ಡ ದಂಟು. ಕೆಂಪಕ್ಕಿ ಬೇಕೆನ್ನುವವರಿಗೆ ಕೇರಳದ ಪಟ್ಟಾಂಬಿಯಿಂದ ಬಂದ ಜ್ಯೋತಿ ಇದೆ; ಅವಧಿ ಜಯಕ್ಕಿಂತ ಕಡಿಮೆಯಾದ್ದರಿಂದ ಅದು ಮಕ್ಕಿಗೂ ಒಗ್ಗುತ್ತದೆ. ಕುಟ್ಟನಾಡಿನ ಮೊಂಕೊಂಬು ಕೇಂದ್ರದ ಎಂ.ಓ. 4, ಅಂದರೆ ಭದ್ರ, ನಮ್ಮ ದಕ್ಷಿಣದ ಉಡುಪಿ ಮತ್ತು ದಕ್ಷಿಣ ಕನ್ನಡಗಳಲ್ಲಿ ಮನೆಮಾತಾಗಿದೆ. ಘಟ್ಟದ ಮೇಲೆ ಇಂಟಾನ್, ಅಭಿಲಾಷ್‌ನಂಥ ದೀರ್ಘಾವಧಿಯ ತಳಿಗಳ ಹೆಸರು ಕೇಳಿಬರುತ್ತದೆ. ಇಂಟಾನ್ ಇಂಡೋನೇಷ್ಯಾದ ತಳಿ. ಹಸಿರು ಕ್ರಾಂತಿಯ ಐ.ಆರ್. 8ಕ್ಕೆ ಒಂದು ಕಡೆಯ ಜನಕವಾದ ಪೇಟಾ ಮತ್ತು ಈ ಇಂಟಾನ್ ಒಂದೇ ಸಂಕರದಿಂದ ಹುಟ್ಟಿದ ಸಹೋದರ ತಳಿಗಳು ಎಂದು ತಿಳಿದಾಗ, ಶಿರಸಿ ಸೀಮೆಯ ಗದ್ದೆಗೂ ಜಾವಾಕ್ಕೂ ಇರುವ ಈ ನಂಟು ನನಗೆ ಸೋಜಿಗವೆನಿಸಿತ್ತು.

ಗಜನಿಯ ಮಾತೇ ಬೇರೆ. ಅಘನಾಶಿನಿ ಅಳಿವೆಯ ಸುತ್ತ, ಮಾಣಿಕಟ್ಟಾದಂಥ ಊರುಗಳಲ್ಲಿ ಬೆಳೆಯುವ ಕಗ್ಗ ಭತ್ತವನ್ನು ಕ್ವಿಂಟಲಿನ ಲೆಕ್ಕದಲ್ಲಿ ಜಯದ ಪಕ್ಕಕ್ಕೆ ಇಟ್ಟರೆ ಕಗ್ಗ ಸೋತಂತೆಯೇ ಕಾಣುತ್ತದೆ. ಆದರೆ ಭತ್ತ ಉಪ್ಪಿಗೆ ಬಹು ಸೂಕ್ಷ್ಮವಾದ ಬೆಳೆ: ಮಣ್ಣಿನ ಲವಣಾಂಶ ಮೀಟರಿಗೆ 3 ಡೆಸಿಸೀಮೆನ್ಸ್ (ಉಪ್ಪಿನಂಶವನ್ನು ಅಳೆಯುವ ಮಾನ) ದಾಟಿದ ಮೇಲೆ ಪ್ರತಿ ಒಂದು ಏರಿಕೆಗೂ ಸಾಮಾನ್ಯ ತಳಿಗಳ ಇಳುವರಿ ಸುಮಾರು ಶೇ. 12ರಷ್ಟು ಇಳಿಯುತ್ತದೆ, ಸಸಿಯ ಹಂತ ಮತ್ತು ಹೂ ಬಿಡುವ ಹಂತದಲ್ಲಂತೂ ಪೆಟ್ಟು ಇನ್ನೂ ಜೋರು. ಒಡ್ಡು ಒಡೆದು ಉಬ್ಬರದ ನೀರು ನುಗ್ಗಿದ ವರ್ಷ ಜಯ ಕೊಡುವುದು ಹುಲ್ಲನ್ನೂ ಅಲ್ಲ. ಕಗ್ಗ ಅಂಥ ಉಪ್ಪನ್ನೂ ನೆರೆಯ ಮುಳುಗಡೆಯನ್ನೂ ತಡೆದುಕೊಂಡು, ಗೊಬ್ಬರ ಕೇಳದೆ, ಎತ್ತರಕ್ಕೆ ಬೆಳೆದು ಕೆಂಪಕ್ಕಿ ಕೊಡುತ್ತದೆ. ಕೊಯ್ಲಿನ ನಂತರ ಅದೇ ಗದ್ದೆಯಲ್ಲಿ ಸಿಗಡಿ, ಮೀನು ಸಿಗುತ್ತವೆ. ಆದ್ದರಿಂದ ಗಜನಿಯ ತಳಿಯನ್ನು ಬಯಲು ಗದ್ದೆಯ ತಳಿಯೊಂದಿಗೆ ಒಂದೇ ಪಟ್ಟಿಯಲ್ಲಿ ಬರೆಯುವುದೇ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಕಗ್ಗವನ್ನು ಹೋಲಿಸಬೇಕಾದದ್ದು ತನ್ನಂತೆಯೇ ಉಪ್ಪು ತಡೆಯುವ ತಳಿಗಳೊಂದಿಗೆ: ಗೋವಾದ ಖಾಜನ್ ಎಂಬ ಉಪ್ಪುನೆಲದ ಕೊರ್ಗುಟ್ ಜೊತೆಗೆ, ಕೇರಳದ ಪೊಕ್ಕಾಳಿಯ ಜೊತೆಗೆ.

ಇನ್ನು ಇಳುವರಿಯನ್ನು ಅಳೆಯುವ ಕ್ರಮ. ಎರಡು ಗದ್ದೆಗಳಲ್ಲಿ ಎರಡು ತಳಿ ಹಾಕಿ, ಯಾವುದು ಹೆಚ್ಚು ಬಂತೆಂದು ನೋಡಿದರೆ ತಿಳಿಯುವುದು ಯಾವ ಗದ್ದೆ ಒಳ್ಳೆಯದು ಎಂಬುದಷ್ಟೇ. ಒಂದೇ ಗದ್ದೆಯನ್ನು ಪಟ್ಟಿಗಳಾಗಿ ವಿಂಗಡಿಸಿ, ಪ್ರತಿ ತಳಿಗೂ ಕನಿಷ್ಠ ಮೂರು ಪಟ್ಟಿಗಳನ್ನು ಕೊಟ್ಟು, ಯಾವುದು ಎಲ್ಲಿ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಇಲ್ಲವಾದರೆ ಮೆಚ್ಚಿನ ತಳಿಯನ್ನು ನಮಗರಿವಿಲ್ಲದೆಯೇ ಗೊಬ್ಬರಗುಂಡಿಯ ಪಕ್ಕಕ್ಕೆ ಹಾಕಿರುತ್ತೇವೆ. ಸಸಿಯ ವಯಸ್ಸಿನ ವಿಚಾರದಲ್ಲಿ ಒಂದು ಹಳೆಯ ಲೆಕ್ಕವಿದೆ: ತಳಿಯ ಅವಧಿ ಎಷ್ಟು ತಿಂಗಳೋ ಅಷ್ಟು ವಾರಗಳ ಸಸಿಯನ್ನು ನೆಡಬೇಕು. ಆಳುಗಳು ಸಿಕ್ಕ ದಿನವೇ ಎಲ್ಲ ತಳಿಗಳನ್ನೂ ನೆಟ್ಟು ಮುಗಿಸಿದರೆ ಅಲ್ಪಾವಧಿಯ ತಳಿಯ ಸಸಿ ಬಲಿತುಹೋಗಿ, ತೆಂಡೆ (ಬುಡದಿಂದ ಏಳುವ ಹೊಸ ಕವಲು) ಒಡೆಯದೆ, ಹೋಲಿಕೆಯಲ್ಲಿ ಅನ್ಯಾಯಕ್ಕೆ ಒಳಗಾಗುತ್ತದೆ.

ಕೊಯ್ಲಿನಲ್ಲಿ ಬದುವಿನ ಪಕ್ಕದ ಎರಡು ಸಾಲುಗಳನ್ನು ಬಿಡುವುದು ಅಗತ್ಯ. ಅಲ್ಲಿ ಬಿಸಿಲು, ಗಾಳಿ ಹೆಚ್ಚು ದೊರೆತು ಪೈರು ಯಾವಾಗಲೂ ಹುಲುಸಾಗಿರುತ್ತದೆ. ಒಳಗಿನ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕವನ್ನು ಕೊಯ್ದು, ಬಡಿದು, ತೂರಿ ತೂಗಿದರೆ ಸರಿಸುಮಾರು ಕಾಲು ಗುಂಟೆಯ ಇಳುವರಿ ಕೈಗೆ ಸಿಗುತ್ತದೆ. ತೂಗಿದ ದಿನದ ತೇವಾಂಶವನ್ನು ಬರೆದುಕೊಳ್ಳದಿದ್ದರೆ ಈ ಎಲ್ಲ ಶ್ರಮವೂ ವ್ಯರ್ಥ. ಶೇ. 20 ತೇವವಿರುವ 100 ಕಿಲೋ ಭತ್ತ, ಶೇ. 14ಕ್ಕೆ ಒಣಗುವ ಹೊತ್ತಿಗೆ 93 ಕಿಲೋ ಆಗಿರುತ್ತದೆ. ಎರಡು ತಳಿಗಳ ನಡುವೆ ಜಗಳ ಹುಟ್ಟಿಸುವ ವ್ಯತ್ಯಾಸ ಬಹಳ ಸಲ ಇಷ್ಟೇ ಇರುತ್ತದೆ.

ಅಕ್ಕಿಯ ಗುಣಕ್ಕೆ ಬಂದರೆ, ನೂರು ಕಿಲೋ ಭತ್ತದಲ್ಲಿ ಇಪ್ಪತ್ತರಷ್ಟು ಉಮಿ, ಸುಮಾರು ಎಂಟು ಹತ್ತು ತೌಡು ಕಳೆದು ಅರವತ್ತೈದು ಎಪ್ಪತ್ತು ಕಿಲೋ ಅಕ್ಕಿ ಬರುವುದು ವಾಡಿಕೆ. ಇದರಲ್ಲಿ ಇಡೀ ಅಕ್ಕಿ ಎಷ್ಟು, ನುಚ್ಚು ಎಷ್ಟು ಎಂಬುದರಲ್ಲಿ ತಳಿಗಳು ಬೇರೆಯಾಗುತ್ತವೆ. ಉದಾಹರಣೆಗೆ ಒಂದು ತಳಿ ಗುಂಟೆಗೆ 60 ಕಿಲೋ ಭತ್ತ ಕೊಟ್ಟು ಅದರಲ್ಲಿ ಶೇ. 45ರಷ್ಟು ಇಡೀ ಅಕ್ಕಿ ಬಂತೆಂದೂ, ಇನ್ನೊಂದು 50 ಕಿಲೋ ಕೊಟ್ಟು ಶೇ. 58ರಷ್ಟು ಬಂತೆಂದೂ ಇಟ್ಟುಕೊಳ್ಳೋಣ. ಮೊದಲನೆಯದರಿಂದ 27 ಕಿಲೋ, ಎರಡನೆಯದರಿಂದ 29 ಕಿಲೋ. ಭತ್ತವನ್ನೇ ಮಾರುವವರಿಗೆ ಮೊದಲ ತಳಿ ಸರಿ. ಮನೆಯ ಅಕ್ಕಿ ಮನೆಯಲ್ಲೇ ಆಗಬೇಕೆನ್ನುವ ನಮ್ಮಂಥವರಿಗೆ ಎರಡನೆಯದೇ ಹೆಚ್ಚು ಇಳುವರಿಯ ತಳಿ.

ನುಚ್ಚಾಗುವುದು ತಳಿಯ ದೋಷವೊಂದೇ ಅಲ್ಲ. ಹೂ ಬಂದು ಸುಮಾರು ಮೂವತ್ತು ದಿನಗಳಿಗೆ, ಕಾಳಿನ ತೇವ ಶೇ. 20ರ ಆಸುಪಾಸು ಇರುವಾಗ ಕೊಯ್ಯಬೇಕು. ಅದು ಗದ್ದೆಯಲ್ಲೇ ಒಣಗಿ, ಇಬ್ಬನಿಗೋ ಅಕಾಲದ ಮಳೆಗೋ ಮತ್ತೆ ನೆನೆದರೆ ಕಾಳಿನೊಳಗೆ ಸೂಕ್ಷ್ಮ ಬಿರುಕುಗಳೇಳುತ್ತವೆ. ಗಿರಣಿಯಲ್ಲಿ ಕಾಳು ಮುರಿಯುವುದು ಆ ಬಿರುಕುಗಳ ಜಾಗದಲ್ಲೇ. ಉದ್ದ ತೆಳು ಕಾಳಿನ ತಳಿಗಳು ದಪ್ಪ ಕಾಳಿನವುಗಳಿಗಿಂತ ಹೆಚ್ಚು ಮುರಿಯುತ್ತವೆ. ಕರಾವಳಿಯವರು ಕುಚ್ಚಲಕ್ಕಿಗೆ ಒಗ್ಗಿಕೊಂಡಿರುವುದರ ಹಿಂದೆ ಇದೇ ಜಾಣತನವಿದೆ ಎಂದು ನನಗನಿಸುತ್ತದೆ. ಭತ್ತವನ್ನು ಬೇಯಿಸಿದಾಗ ಕಾಳಿನ ಪಿಷ್ಟ ಅಂಟಾಗಿ ಬಿರುಕುಗಳನ್ನು ಬೆಸೆಯುತ್ತದೆ, ತೌಡಿನಲ್ಲಿರುವ ಬಿ ಜೀವಸತ್ವಗಳ ಒಂದು ಪಾಲು ಒಳಗೆ ಇಳಿಯುತ್ತದೆ. ಆದ್ದರಿಂದ ಕುಚ್ಚಲಕ್ಕಿಗೆ ದಪ್ಪ ಕಾಳಿನ ಜಯ, ಜ್ಯೋತಿ, ಭದ್ರಗಳನ್ನು ಆರಿಸುವಾಗ ನುಚ್ಚಿನ ಚಿಂತೆ ಅಷ್ಟಾಗಿ ಬೇಡ. ಬೆಳ್ತಿಗೆ, ಅಂದರೆ ಬೇಯಿಸದೆ ಮಾಡಿಸಿದ ಅಕ್ಕಿಯೇ ಬೇಕೆನ್ನುವ ಘಟ್ಟದ ಮೇಲಿನವರು ಮಾತ್ರ ಈ ಅಂಕಣವನ್ನು ಎಚ್ಚರಿಕೆಯಿಂದ ನೋಡಬೇಕು. ರುಚಿಯ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಗಂಜಿ ಉಣ್ಣುವವರಿಗೂ ಅನ್ನ ಉದುರಾಗಿರಬೇಕೆನ್ನುವವರಿಗೂ ಒಮ್ಮತವಾಗುವುದು ಸಾಧ್ಯವಿಲ್ಲ.

ರೋಗಗಳಲ್ಲಿ ಮುಖ್ಯವಾದದ್ದು ಬೆಂಕಿ ರೋಗ. ಎಲೆಯ ಮೇಲೆ ಕದಿರಿನಾಕಾರದ, ನಡುವೆ ಬೂದು ಬಣ್ಣದ ಮಚ್ಚೆಗಳಾಗಿ ತೊಡಗಿ, ತೆನೆಯ ಕುತ್ತಿಗೆಗೆ ತಗುಲಿದರೆ ತೆನೆಯೇ ಕಳಚಿ ಜೋತುಬೀಳುತ್ತದೆ. ಎಲೆ ಗಂಟೆಗಟ್ಟಲೆ ಒದ್ದೆಯಾಗಿರುವುದು, ತಂಪು ರಾತ್ರಿ, ಅತಿಯಾದ ಯೂರಿಯಾ, ಈ ಮೂರೂ ಸೇರಿದಲ್ಲಿ ಅದು ಹಬ್ಬುತ್ತದೆ. ಮೊದಲ ಎರಡು ಶಿರಸಿ, ಸಿದ್ದಾಪುರಗಳಲ್ಲಿ ತಾವಾಗಿಯೇ ಇರುವುದರಿಂದ ಅಲ್ಲಿ ಕುತ್ತಿಗೆ ಬೆಂಕಿಯನ್ನು ತಡೆಯಲಾರದ ತಳಿ, ಉಳಿದ ಗುಣಗಳು ಏನೇ ಇದ್ದರೂ, ಪ್ರಯೋಜನಕ್ಕೆ ಬಾರದು. ಸಂಶೋಧನಾ ಕೇಂದ್ರಗಳಲ್ಲಿ ಈ ರೋಗಕ್ಕೆ ತಳಿಗಳನ್ನು ಪರೀಕ್ಷಿಸುವಾಗ ಎಚ್.ಆರ್. 12ರಂಥ ಬೇಗ ರೋಗಕ್ಕೆ ತುತ್ತಾಗುವ ತಳಿಯನ್ನು ನಡುನಡುವೆ ಹಾಕಿ, ರೋಗ ನಿಜವಾಗಿಯೂ ಬಂದಿದೆ ಎಂಬುದನ್ನು ಖಚಿತಪಡಿಸಿಕೊಂಡು, ಸೊನ್ನೆಯಿಂದ (ರೋಗವಿಲ್ಲ) ಒಂಬತ್ತರ (ಅತಿ ಹೆಚ್ಚು ರೋಗ) ತನಕ ಅಂಕ ಕೊಡುತ್ತಾರೆ. ನಮ್ಮ ಗದ್ದೆಯ ಹೋಲಿಕೆಯಲ್ಲಿ ಬಿಟ್ಟುಹೋಗುವುದು ಈ ಹೆಜ್ಜೆಯೇ. ರೋಗವೇ ಬಾರದ ವರ್ಷದಲ್ಲಿ ಚೆನ್ನಾಗಿ ನಿಂತ ಪೈರನ್ನು ರೋಗನಿರೋಧಕ ಎಂದು ಕರೆಯಲು ಬರುವುದಿಲ್ಲ. ಮೂರು ನಾಲ್ಕು ಮಳೆಗಾಲ ಕಳೆಯದೆ ಈ ಅಂಕಣವನ್ನು ತುಂಬಬಾರದು.

ಕೆಳಗಿನ ಬಯಲು ಗದ್ದೆಗಳಲ್ಲಿ ಕಂದು ಜಿಗಿಹುಳು ಮತ್ತು ದುಂಡಾಣು ಅಂಗಮಾರಿಯನ್ನೂ (ಬ್ಯಾಕ್ಟೀರಿಯಾದಿಂದ ಎಲೆ ಒಣಗುವ ರೋಗ) ಗಮನಿಸಬೇಕು. ಜಯದ ಜನಕಗಳಲ್ಲಿ ಒಂದಾದ ತೈಚುಂಗ್ ನೇಟಿವ್ 1 ಜಿಗಿಹುಳುವಿಗೆ ಎಷ್ಟು ಸುಲಭದ ತುತ್ತೆಂದರೆ, ಹುಳುವಿನ ಪರೀಕ್ಷೆಗಳಲ್ಲಿ ‘ಸೋಲುವ ತಳಿ’ಯಾಗಿ ಇಂದಿಗೂ ಬಳಸುವುದು ಅದನ್ನೇ, ಗೆಲ್ಲುವ ತಳಿಯಾಗಿ ಬಳಸುವುದು ಪಟ್ಟಾಂಬಿಯ ಪಿ.ಟಿ.ಬಿ. 33. ಜಿಗಿಹುಳುವಿಗೆ ದಟ್ಟ ನಾಟಿ, ನಿಂತ ನೀರು, ಹೆಚ್ಚು ಯೂರಿಯಾ ಎಂದರೆ ಹಬ್ಬ. ಸಿಂಥೆಟಿಕ್ ಪೈರೆಥ್ರಾಯ್ಡ್ ವರ್ಗದ ಔಷಧಿ ಹೊಡೆದರಂತೂ ಅದನ್ನು ತಿನ್ನುವ ಜೇಡಗಳು ಸತ್ತು ಹುಳು ಇನ್ನೂ ಹೆಚ್ಚುತ್ತದೆ. ಎರಡು ಮೂರು ಮೀಟರಿಗೊಂದು ಅಡಿ ಅಗಲದ ದಾರಿ ಬಿಟ್ಟು ನೆಟ್ಟರೆ ಗಾಳಿಯಾಡಿ ಬಾಧೆ ತಗ್ಗುತ್ತದೆ. ಅಂಗಮಾರಿಗೆ ಔಷಧಿಗಿಂತ ತಳಿಯೇ ಪರಿಹಾರ. ಸಾಂಬಾ ಮಸೂರಿಗೆ ಮೂರು ನಿರೋಧಕ ವಂಶವಾಹಿಗಳನ್ನು ಸೇರಿಸಿ 2008ರಲ್ಲಿ ಬಿಡುಗಡೆ ಮಾಡಿದ ಸುಧಾರಿತ ಸಾಂಬಾ ಮಸೂರಿ ಇದಕ್ಕೆ ಸಾಕ್ಷಿ.

ಒಂದೇ ತಳಿ ಊರಿಗೆಲ್ಲ ಹಬ್ಬುವುದು ನನಗೆ ಸರಿಕಾಣದಿರಲು ಇನ್ನೊಂದು ಕಾರಣವಿದೆ. ಬೆಂಕಿ ರೋಗದ ಶಿಲೀಂಧ್ರ ಹೊಸ ಹೊಸ ಬಗೆಗಳಾಗಿ ಬದಲಾಗುತ್ತ ಹೋಗುವುದರಿಂದ, ಇಂದು ನಿರೋಧಕವಾಗಿರುವ ತಳಿ ಕೆಲವು ವರ್ಷಗಳಲ್ಲಿ ಸೋಲಬಹುದು. ಚೀನಾದ ಯುನ್ನಾನ್ ಪ್ರಾಂತದಲ್ಲಿ 1998 ಮತ್ತು 1999ರಲ್ಲಿ, ಬೇಗ ರೋಗ ತಗುಲುವ ಅಂಟಕ್ಕಿಯ ಸಾಲುಗಳನ್ನು ನಿರೋಧಕ ಸಂಕರ ತಳಿಯ ನಡುವೆ ನೆಟ್ಟಾಗ, ಅಂಟಕ್ಕಿಯಲ್ಲಿ ಬೆಂಕಿ ರೋಗ ಶೇ. 94ರಷ್ಟು ತಗ್ಗಿತ್ತು. ಹಿಂದೆ ನಮ್ಮಲ್ಲಿ ಒಂದೇ ಮನೆಯವರು ನಾಲ್ಕಾರು ತಳಿಗಳನ್ನು ಇಟ್ಟುಕೊಳ್ಳುತ್ತಿದ್ದುದರಲ್ಲಿ ಈ ಲಾಭವೂ ಸೇರಿತ್ತು.

ಕೊನೆಯದಾಗಿ ಊದುಬತ್ತಿ ರೋಗ. ತೆನೆ ಬಿಚ್ಚಿಕೊಳ್ಳದೆ ಬೂದು ಬಣ್ಣದ ಕಡ್ಡಿಯಾಗಿ ಹೊರಬರುವ ಈ ರೋಗ ಬೀಜದಿಂದಲೇ ದಾಟುತ್ತದೆ. ಆದ್ದರಿಂದ ಯಾವ ತಳಿಯನ್ನು ಆರಿಸಿದರೂ ಬೀಜದ ಭತ್ತವನ್ನು ರಾಶಿಯಿಂದ ತೆಗೆಯದೆ, ಪೈರು ನಿಂತಿರುವಾಗಲೇ ಗದ್ದೆಯ ಒಂದು ಮೂಲೆಯನ್ನು ಬೀಜಕ್ಕೆಂದು ಗುರುತಿಸಿ, ಕಡ್ಡಿಯಾದ ತೆನೆಗಳನ್ನೂ ಬೇರೆ ತಳಿಯ ಬೆರಕೆಯನ್ನೂ ಕಿತ್ತುಹಾಕಿ, ಆ ಮೂಲೆಯನ್ನು ಪ್ರತ್ಯೇಕವಾಗಿ ಕೊಯ್ಯುವುದು ಒಳ್ಳೆಯದು. ಭತ್ತದಲ್ಲಿ ಪರಾಗಸ್ಪರ್ಶ ಬಹುಪಾಲು ತನ್ನೊಳಗೇ ನಡೆಯುವುದರಿಂದ, ಸಂಕರ ತಳಿಗಳನ್ನು ಬಿಟ್ಟು ಉಳಿದವುಗಳ ಬೀಜವನ್ನು ಹೀಗೆ ಮನೆಯಲ್ಲೇ ಮೂರು ನಾಲ್ಕು ವರ್ಷ ಇಟ್ಟುಕೊಂಡರೂ ತಳಿ ಕೆಡುವುದಿಲ್ಲ. ಈ ಬಾರಿ ಮಕ್ಕಿಗೆ ಜ್ಯೋತಿ, ಬಯಲಿನ ಅರ್ಧಕ್ಕೆ ಜಯ, ಇನ್ನರ್ಧಕ್ಕೆ ಭದ್ರ ಎಂದು ನಿಶ್ಚಯಿಸಿದ್ದೇನೆ. ಜಯ ಮತ್ತು ಭದ್ರಗಳ ಪಟ್ಟಿಗಳ ಚೀಟಿ ಎತ್ತುವುದು ಮಾತ್ರ ಬಾಕಿ ಇದೆ.