ಸ್ಲ್ಯಾಬ್ ಸಿಟಿಯಲ್ಲಿ ಐದು ರಾತ್ರಿ: ನೀರು, ಕರೆಂಟು, ಕಸದ ಬಗ್ಗೆ ಹೋಗೋರಿಗೆ ಒಂದಿಷ್ಟು ಮಾತು

ಸ್ಯಾನ್ ಡಿಯಾಗೋದಿಂದ ಮೂರು ಗಂಟೆ ಡ್ರೈವ್ ಅಷ್ಟೇ, ಆದ್ರೂ ಹೋಗೋಕೆ ನಮಗೆ ನಾಲ್ಕು ವರ್ಷ ಹಿಡೀತು. ಪ್ರತಿ ಸಲ ಪ್ಲಾನ್ ಮಾಡಿದಾಗ್ಲೂ ಯಾರೋ ಒಬ್ಬರು "ಅಲ್ಲಿ ಸೇಫಾ?" ಅಂತ ಕೇಳೋರು, ನಾವು ಸುಮ್ಮನಾಗ್ತಿದ್ವಿ. ಈ ಜನವರಿಯಲ್ಲಿ ಅಪ್ಪ ಚಳ್ಳಕೆರೆಯಿಂದ ಬಂದಿದ್ರು. ಮಾಲು ಬೀಚು ಎಲ್ಲಾ ನೋಡಿ ಅವರಿಗೆ ಬೇಜಾರಾಗಿ "ಈ ದೇಶದಲ್ಲಿ ಬಯಲು ಅನ್ನೋದೇ ಇಲ್ವೇನಮ್ಮ" ಅಂದ್ರು. ಅವತ್ತೇ ರಾತ್ರಿ ನಾನೂ ನಮ್ಮನೆಯವರೂ ಕೂತು ಲಿಸ್ಟ್ ಮಾಡಿದ್ವಿ, ಫ್ರೆಂಡ್ ಒಬ್ಬರ ಕ್ಯಾಂಪರ್ ವ್ಯಾನ್ ಕೇಳಿ ಇಸ್ಕೊಂಡ್ವಿ, ಹೊರಟೇಬಿಟ್ವಿ.

ಮೊದಲು ಈ ಜಾಗ ಏನು ಅಂತ ಹೇಳಿಬಿಡ್ತೀನಿ. ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕೌಂಟಿ, ಸಾಲ್ಟನ್ ಸೀ ಅನ್ನೋ ಉಪ್ಪುನೀರಿನ ಸರೋವರದ ಪೂರ್ವಕ್ಕೆ, ನೈಲ್ಯಾಂಡ್ ಅನ್ನೋ ಸಣ್ಣ ಊರು ದಾಟಿದ್ರೆ ಮರುಭೂಮಿ. ಎರಡನೇ ಮಹಾಯುದ್ಧದ ಟೈಮಲ್ಲಿ, 1942ರಲ್ಲಿ, ಅಲ್ಲಿ ಮರೀನ್ ಸೈನಿಕರ ತರಬೇತಿಗೆ ಕ್ಯಾಂಪ್ ಡನ್‌ಲ್ಯಾಪ್ ಅಂತ ಕಟ್ಟಿದ್ರು. ಯುದ್ಧ ಮುಗಿದ್ಮೇಲೆ ಕಟ್ಟಡಗಳನ್ನ ಕಿತ್ಕೊಂಡು ಹೋದ್ರು, ಕೆಳಗಿನ ಕಾಂಕ್ರೀಟ್ ಹಾಸು ಮಾತ್ರ ಉಳೀತು, ಆ ಕಾಂಕ್ರೀಟ್ ಹಾಸನ್ನೇ ಸ್ಲ್ಯಾಬ್ ಅನ್ನೋದು. ಆಮೇಲೆ ಜಾಗ ರಾಜ್ಯ ಸರ್ಕಾರಕ್ಕೆ ಬಂತು, ಸುಮಾರು 640 ಎಕರೆ. ಅಲ್ಲಿ ಬಂದು ನೆಲೆಸಿದವರ ಹತ್ರ ಹಕ್ಕುಪತ್ರ ಇಲ್ಲ, ಬಾಡಿಗೆ ಇಲ್ಲ, ಕಂದಾಯ ಇಲ್ಲ. ನಲ್ಲಿ ನೀರು, ಕರೆಂಟು, ಚರಂಡಿ, ಕಸದ ಗಾಡಿ, ಯಾವುದೂ ಇಲ್ಲ. ಅಪ್ಪಂಗೆ ಇಷ್ಟು ಹೇಳ್ತಿದ್ದಂಗೇ "ಓ, ಬಗರ್ ಹುಕುಂ ಥರ" ಅಂದ್ರು, ಸ್ವಲ್ಪ ಹೊತ್ತು ಬಿಟ್ಟು "ಹಂಗಾದ್ರೆ ಇವರು ಫಾರಂ 57 ಥರ ಏನೂ ಹಾಕಿಲ್ವಾ, ಸಕ್ರಮ ಮಾಡ್ಕೊಡಲ್ವಾ" ಅಂತ ಕೇಳಿದ್ರು. ಇಲ್ಲಪ್ಪ, ಇಲ್ಲಿ ಅಂಥದ್ದಿಲ್ಲ, ಎಷ್ಟು ವರ್ಷ ಇದ್ರೂ ಜಾಗ ಅವರದಾಗಲ್ಲ ಅಂದೆ. ಬೇಸಿಗೇಲೂ ಬಿಟ್ಟು ಹೋಗದೆ ಉಳಿಯೋರು ನೂರೈವತ್ತರ ಆಸುಪಾಸು ಅಂತಾರೆ, ಚಳಿಗಾಲದಲ್ಲಿ ಕೆನಡಾದಿಂದ, ಉತ್ತರದ ರಾಜ್ಯಗಳಿಂದ ಆರ್‌ವಿ ಅಂದ್ರೆ ಮನೆಯಂಥ ಗಾಡಿ ತಗೊಂಡು ಚಳಿ ತಪ್ಪಿಸ್ಕೊಳ್ಳೋಕೆ ಬರೋ ಸ್ನೋಬರ್ಡ್‌ಗಳು ಸೇರಿ ಜನ ತುಂಬ ಜಾಸ್ತಿ ಆಗ್ತಾರೆ.

ಹೋಗೋದಾದ್ರೆ ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಬೇಸಿಗೇಲಿ 45 ಡಿಗ್ರಿ ದಾಟತ್ತೆ, ಕೆಲವು ದಿನ 49ರ ಹತ್ರಕ್ಕೂ ಹೋಗತ್ತೆ, ರಾಯಚೂರು ಕಲಬುರಗಿ ಬಿಸಿಲು ಕಂಡವರೂ ಫ್ಯಾನ್ ಇಲ್ಲದೆ ಟೆಂಟಲ್ಲಿ ಅದನ್ನ ತಡ್ಕೊಳ್ಳೋಕಾಗಲ್ಲ. ನಾವು ಹೋದಾಗ ಹಗಲು 20-21 ಡಿಗ್ರಿ, ಹಿತವಾಗಿತ್ತು, ಆದ್ರೆ ರಾತ್ರಿ 5ಕ್ಕಿಳೀತು. ಮರುಭೂಮಿ ಅಂತ ಬರೀ ಕಾಟನ್ ಬಟ್ಟೆ ತುಂಬ್ಕೊಂಡು ಹೋಗ್ಬೇಡಿ, ಉಲ್ಲನ್ ಟೋಪಿ, ದಪ್ಪ ರಗ್ಗು ಬೇಕೇ ಬೇಕು.

ದಾರಿ ಸುಲಭ. ಐ-8 ಹೈವೇ ಹಿಡಿದು ಎಲ್ ಸೆಂಟ್ರೋ, ಅಲ್ಲಿಂದ ಉತ್ತರಕ್ಕೆ ಬ್ರಾಲಿ, ಕ್ಯಾಲಿಪ್ಯಾಟ್ರಿಯಾ, ನೈಲ್ಯಾಂಡ್. ಹಕುಂಬಾ ದಾಟಿ ಘಾಟಿ ಇಳಿಯುವಾಗ ಗಾಳಿ ಜೋರು, ಎತ್ತರದ ವ್ಯಾನ್ ಓಡಿಸೋರು ಸ್ಪೀಡ್ ಕಡಿಮೆ ಮಾಡಿ. ಲಾಸ್ ಏಂಜಲೀಸ್ ಕಡೆಯಿಂದ ಬರೋರು ಇಂಡಿಯೋ ದಾಟಿ 111ನೇ ಹೈವೇ ಹಿಡಿದ್ರೆ ಸಾಲ್ಟನ್ ಸೀ ಪಕ್ಕದಲ್ಲೇ ಬರ್ತೀರಿ. ದಿನಸಿ, ನೀರು, ಪೆಟ್ರೋಲ್ ಎಲ್ಲಾ ಬ್ರಾಲಿಯಲ್ಲೇ ಮುಗಿಸ್ಕೊಳ್ಳಿ, ಮುಂದೆ ಸಿಗತ್ತೆ ಅಂತ ನಂಬ್ಕೊಂಡು ಹೋಗ್ಬೇಡಿ. ಆಸ್ಪತ್ರೆ ಬೇಕಂದ್ರೂ ಬ್ರಾಲಿಗೇ ವಾಪಸ್ ಬರ್ಬೇಕು, ಅರ್ಧ ಗಂಟೆ ಮೇಲಾಗತ್ತೆ, ಅಪ್ಪನ ಬಿಪಿ ಮಾತ್ರೆ ಅದಕ್ಕೇ ಎರಡು ಕಡೆ ಇಟ್ಟಿದ್ದೆ.

ನಮ್ಮ ಜನ ಮರೆಯೋ ವಿಷಯ ಒಂದಿದೆ, ಅದನ್ನ ಇಲ್ಲೇ ಹೇಳ್ತೀನಿ. ಇದು ಮೆಕ್ಸಿಕೋ ಬಾರ್ಡರ್ ಹತ್ರದ ಏರಿಯಾ, ಹೈವೇಗಳಲ್ಲಿ ಬಾರ್ಡರ್ ಪ್ಯಾಟ್ರೋಲ್ (ಗಡಿ ಕಾವಲು ಪೊಲೀಸರ) ಚೆಕ್‌ಪಾಯಿಂಟ್ ಇರತ್ತೆ, ಐ-8ರಲ್ಲಿ ಸ್ಯಾನ್ ಡಿಯಾಗೋಗೆ ವಾಪಸ್ ಬರುವಾಗ್ಲೂ ಇದೆ, ನೈಲ್ಯಾಂಡ್‌ನಿಂದ 111ರಲ್ಲಿ ಉತ್ತರಕ್ಕೆ ಹೋದ್ರೂ ಇದೆ. ಎಚ್-1ಬಿ, ಗ್ರೀನ್ ಕಾರ್ಡ್, ವಿಸಿಟರ್ ವೀಸಾ ಯಾವುದೇ ಇರ್ಲಿ, 18 ತುಂಬಿದ ವಿದೇಶಿ ಪ್ರಜೆ ತನ್ನ ದಾಖಲೆ ಜೊತೇಲಿ ಇಟ್ಕೊಂಡಿರ್ಬೇಕು ಅಂತ ಕಾನೂನೇ ಇದೆ. ಫೋನಲ್ಲಿ ಫೋಟೋ ಇದೆ ಅಂತ ಸುಮ್ಮನಿರ್ಬೇಡಿ. ಅಪ್ಪನ ಪಾಸ್‌ಪೋರ್ಟು, ಐ-94 (ಅಮೆರಿಕದೊಳಗೆ ಬಂದಿದ್ದಕ್ಕೆ ದಾಖಲೆ) ಪ್ರಿಂಟು ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಡ್ಯಾಶ್‌ಬೋರ್ಡಲ್ಲಿ ಇಟ್ಟಿದ್ವಿ, ವಾಪಸ್ ಬರುವಾಗ ಕೇಳಿದ್ರು, ಎರಡು ನಿಮಿಷದಲ್ಲಿ ಬಿಟ್ರು.

ಹೋಗಿ ಇಳಿದ್ಮೇಲೆ ಎಲ್ಲಿ ನಿಲ್ಲಿಸ್ಬೇಕು ಅನ್ನೋದೇ ದೊಡ್ಡ ಪ್ರಶ್ನೆ. ಖಾಲಿ ಕಾಣೋದೆಲ್ಲಾ ಖಾಲಿ ಇರಲ್ಲ. ಹಳೇ ಟೈರ್ ಸಾಲಾಗಿಟ್ಟಿದ್ರೆ, ಕಲ್ಲು ಜೋಡಿಸಿದ್ರೆ, ಪ್ಯಾಲೆಟ್ (ಸಾಮಾನು ಹೇರೋ ಮರದ ಚೌಕಟ್ಟು) ನಿಲ್ಲಿಸಿದ್ರೆ ಅದು ಯಾರದ್ದೋ ಬೇಲಿ, ಒಳಗೆ ಕಾಲಿಡ್ಬೇಡಿ. ನಾವು ಹಗಲು ಹನ್ನೊಂದಕ್ಕೇ ತಲುಪಿ, ಒಂದು ಖಾಲಿ ಜಾಗದ ಪಕ್ಕದ ಟ್ರೇಲರ್ ಮುಂದೆ ದೂರದಲ್ಲೇ ನಿಂತು ಕೂಗಿ ಕೇಳಿದ್ವಿ. ಎಪ್ಪತ್ತರ ಹತ್ರದ ಒಬ್ಬ ಹೆಂಗಸು ಬಂದು, ಇಲ್ಲಿ ಬೇಡ ಆ ಕಡೆ ನಿಲ್ಲಿಸಿ, ಈ ಕಡೆ ರಾತ್ರಿ ಗಾಳಿ ಹೊಡಿಯತ್ತೆ ಅಂತ ಜಾಗ ತೋರಿಸಿದ್ರು. ಅಲ್ಲಿಂದ ಐದು ದಿನ ಅವರೇ ನಮಗೆ ದಿಕ್ಕು. ಕತ್ತಲಾದ್ಮೇಲೆ ಮಾತ್ರ ತಲುಪ್ಬೇಡಿ, ದಾರಿ ಗೊತ್ತಾಗಲ್ಲ, ನಾಯಿಗಳು ಬಿಟ್ಟೇ ಇರ್ತವೆ, ಲೈಟ್ ಹಾಕ್ಕೊಂಡು ಒಬ್ಬರ ಮನೆ ಅಂಗಳದೊಳಗೆ ವ್ಯಾನ್ ನುಗ್ಗಿಸಿದ್ರೆ ಯಾರಿಗಾದ್ರೂ ಸಿಟ್ಟು ಬರತ್ತೆ.

ಈಗ ನೀರು. ನಾವು ಐದು ಗ್ಯಾಲನ್‌ದು ಆರು ಕ್ಯಾನ್ ಒಯ್ದಿದ್ವಿ, ಒಟ್ಟು ಮೂವತ್ತು ಗ್ಯಾಲನ್, ಲೀಟರ್ ಲೆಕ್ಕದಲ್ಲಿ 113ರಷ್ಟು. ಮೂರು ಜನ ಐದು ದಿನ. ಮೊದಲನೇ ದಿನವೇ ನಾನು ಸಿಂಕಲ್ಲಿ ತೊಳೆಯೋ ಅಭ್ಯಾಸದಲ್ಲಿ ಪಾತ್ರೆ ತೊಳೆದು ಒಂದು ಕ್ಯಾನ್ ಪೂರ್ತಿ ಖಾಲಿ ಮಾಡಿದ್ದೆ. ಅಪ್ಪ ಏನೂ ಬೈಲಿಲ್ಲ, ಮಾರನೇ ದಿನ ಬೆಳಗ್ಗೆ ಎದ್ದು ನೀರಿನ ಉಸ್ತುವಾರಿ ತಾವೇ ತಗೊಂಡ್ರು. ನಮ್ಮೂರಲ್ಲಿ ಬೋರ್‌ವೆಲ್ ಬತ್ತಿದ ವರ್ಷ ಟ್ಯಾಂಕರ್ ಮುಂದೆ ಕೊಡ ಇಟ್ಟು ಪಾಳಿ ಕಾದವರು ಅವರು, ಒಂದು ಚೊಂಬು ನೀರಲ್ಲಿ ಏನೇನು ಆಗತ್ತೆ ಅಂತ ಅವರಿಗೆ ಗೊತ್ತು. ತಟ್ಟೆಯನ್ನ ಮೊದಲು ಪೇಪರಲ್ಲಿ ಒರೆಸೋದು, ಒಲೆ ಬೂದಿ ಹಾಕಿ ಉಜ್ಜೋದು, ಕೊನೆಗೆ ಸ್ಪ್ರೇ ಬಾಟಲ್‌ನಲ್ಲಿ ಚಿಮುಕಿಸಿ ಒರೆಸಿಬಿಡೋದು. ಅಕ್ಕಿ ತೊಳೆದ ನೀರಲ್ಲಿ ತರಕಾರಿ ತೊಳೆಯೋದು, ಅದೇ ನೀರಲ್ಲಿ ಆಮೇಲೆ ಪಾತ್ರೆ ನೆನೆಸೋದು. ಸ್ನಾನ ದಿನ ಬಿಟ್ಟು ದಿನ, ತಲಾ ಎರಡೇ ಚೊಂಬು, ಕಪ್ಪು ಬಣ್ಣದ ಚೀಲದಲ್ಲಿ ತುಂಬಿ ಬಿಸಿಲಿಗಿಟ್ಟ ನೀರು ಮಧ್ಯಾಹ್ನಕ್ಕೆ ಬೆಚ್ಚಗಾಗಿರೋದು. ಹಿಂಗೆ ಮಾಡಿ ಕೊನೇಲಿ ಒಂದು ಕ್ಯಾನ್ ಉಳೀತು, ಅಂದ್ರೆ ತಲೆಗೆ ದಿನಕ್ಕೆ ಆರು ಲೀಟರ್ ಚಿಲ್ಲರೆ ಎಲ್ಲಾದಕ್ಕೂ ಸೇರಿ. ಆದ್ರೆ ಕುಡಿಯೋ ನೀರಲ್ಲಿ ಮಾತ್ರ ಉಳಿತಾಯ ಮಾಡ್ಬೇಡಿ, ಅಲ್ಲಿನ ಒಣ ಗಾಳೀಲಿ ಬೆವರಿದ್ದೇ ಗೊತ್ತಾಗಲ್ಲ, ಬಾಯಾರಿಕೆ ಆಗ್ಲಿ ಬಿಡ್ಲಿ ದಿನಕ್ಕೆ ನಾಲ್ಕು ಲೀಟರ್ ಒಬ್ಬೊಬ್ಬರಿಗೆ ತೆಗೆದಿಟ್ಟಿರ್ಬೇಕು. ಸಣ್ಣ ಮಕ್ಕಳು ಜೊತೇಲಿದ್ರೆ ನಮ್ಮ ಲೆಕ್ಕ ನೋಡ್ಬೇಡಿ, ಡಬಲ್ ತಗೊಂಡು ಹೋಗಿ.

ಹತ್ರದಲ್ಲೇ ಕೋಚೆಲ್ಲಾ ಕಾಲುವೆ ಹರಿಯತ್ತೆ, ಕೊಲರಾಡೋ ನದಿ ನೀರು, ನೋಡೋಕೆ ತಿಳಿಯಾಗಿರತ್ತೆ. ಇಳೀಬೇಡಿ. ಇಳಿಜಾರಿನ ಬದಿ, ಒಳಗೆ ಸೆಳೆತ ಇರತ್ತೆ, ಜಾರಿದ್ರೆ ಹತ್ತೋಕೆ ಹಿಡಿ ಸಿಗಲ್ಲ, ನಮ್ಮ ವಿಸಿ ನಾಲೇಲಿ ಆಗಿರೋ ದುರಂತಗಳು ಗೊತ್ತಿರೋರಿಗೆ ಹೆಚ್ಚು ಹೇಳ್ಬೇಕಿಲ್ಲ. ಅದು ಶುದ್ಧೀಕರಿಸಿದ ನೀರೂ ಅಲ್ಲ. ಪೂರ್ವಕ್ಕೆ ಇನ್ನೂ ಮುಂದೆ ಹೋದ್ರೆ ಚಾಕಲೇಟ್ ಮೌಂಟನ್ಸ್, ಅಲ್ಲಿ ಈಗ್ಲೂ ಸೇನೆಯವರು ಬಾಂಬ್ ಹಾಕಿ ಪ್ರಾಕ್ಟೀಸ್ ಮಾಡ್ತಾರೆ. ಒಂದು ರಾತ್ರಿ ಢಂ ಅಂತ ಸದ್ದು ಬಂದು ವ್ಯಾನ್ ಗ್ಲಾಸೇ ನಡುಗ್ತು, ಅಪ್ಪ ಎದ್ದು ಕೂತ್ಬಿಟ್ರು. ಆ ಕಡೆ ನಡ್ಕೊಂಡು ಹೋಗ್ಬೇಡಿ, ನೆಲದ ಮೇಲೆ ಲೋಹದ ಚೂರು ಏನೇ ಕಂಡ್ರೂ ಮುಟ್ಬೇಡಿ.

ಕರೆಂಟಿಗೆ ನಮ್ಮ ಹತ್ರ ಇದ್ದಿದ್ದು 200 ವ್ಯಾಟ್ ಪ್ಯಾನೆಲ್ ಒಂದು, 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ ಒಂದು. ಎರಡನೇ ದಿನ ಬೆಳಗ್ಗೆ ಬ್ಯಾಟರಿ ಕಾಲು ಭಾಗಕ್ಕೆ ಬಂದಿತ್ತು, ಫ್ರಿಜ್ ರಾತ್ರಿಯೆಲ್ಲಾ ಓಡಿದ್ದು, ಮೇಲಿಂದ ಇಬ್ಬರ ಲ್ಯಾಪ್‌ಟಾಪು. ಪ್ಯಾನೆಲ್ ವ್ಯಾನ್ ಮೇಲೆ ಮಲಗಿಸಿದಂಗೆ ಇತ್ತು, ಚಳಿಗಾಲದಲ್ಲಿ ಸೂರ್ಯ ಕೆಳಗೇ ಇರ್ತಾನಲ್ಲ, ಹಂಗಿದ್ರೆ ಬಿಸಿಲು ಸರಿಯಾಗಿ ಬೀಳಲ್ಲ. ಪಕ್ಕದ ಆ ಹೆಂಗಸು ನೋಡಿ, ತೆಗೆದು ಕೆಳಗಿಟ್ಟು ದಕ್ಷಿಣಕ್ಕೆ ಓರೆಯಾಗಿ ನಿಲ್ಲಿಸಿ ಅಂದ್ರು, ಎರಡು ಪ್ಯಾಲೆಟ್ ಕೊಟ್ರು. ಧೂಳು ಒರೆಸೋ ಕೆಲಸ ಅಪ್ಪಂದು. ಪಾವಗಡದ ಸೋಲಾರ್ ಪಾರ್ಕ್‌ಗೆ ಜಮೀನು ಲೀಸ್ ಕೊಟ್ಟಿರೋ ನೆಂಟರು ನಮಗಿದಾರೆ, ಅಲ್ಲಿ ಪ್ಯಾನೆಲ್ ತೊಳೆಯೋದನ್ನ ಅಪ್ಪ ನೋಡಿದ್ರಂತೆ, ಇಲ್ಲಿ ನೀರಿಲ್ಲ ಅಂತ ಒಣ ಬಟ್ಟೇಲೇ ಬೆಳಗ್ಗೆ ಸಂಜೆ ಒರೆಸ್ತಿದ್ರು. ಅವತ್ತಿಂದ ತೊಂದ್ರೆ ಆಗ್ಲಿಲ್ಲ. ಲ್ಯಾಪ್‌ಟಾಪ್ ಚಾರ್ಜಿಂಗ್ ಹಗಲು ಹನ್ನೊಂದರಿಂದ ಎರಡರ ಒಳಗೆ ಮಾತ್ರ, ರಾತ್ರಿ ಫ್ರಿಜ್ ಆಫ್ ಮಾಡಿ ಮೇಲೆ ರಗ್ಗು ಹೊದಿಸೋದು, ಹೊರಗೆ ಹೇಗೂ ಚಳಿ ಇರತ್ತೆ.

ಅಡುಗೆಗೆ ಫ್ರಿಜ್ ಬೇಡದ ಸಾಮಾನೇ ಜಾಸ್ತಿ ಒಯ್ಯಿರಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ, ಹುರಿಹಿಟ್ಟು ಇದ್ರೆ ಅರ್ಧ ಗೆದ್ದಂಗೆ. ಸಣ್ಣ ಪ್ರೆಶರ್ ಕುಕ್ಕರ್ ಒಯ್ದಿದ್ದು ಒಳ್ಳೇದಾಯ್ತು, ಗ್ಯಾಸೂ ಉಳೀತು ನೀರೂ ಉಳೀತು.

ಟಾಯ್ಲೆಟ್ ವಿಷಯ ಮುಚ್ಚಿಟ್ಟು ಪ್ರಯೋಜನ ಇಲ್ಲ. ಮುಚ್ಚಳ ಇರೋ ಬಕೆಟ್ಟು, ಒಳಗೆ ದಪ್ಪ ಚೀಲ, ಪ್ರತಿ ಸಲ ಮೇಲೆ ಮರದ ಹೊಟ್ಟು, ಸುತ್ತ ಒಂದು ಸಣ್ಣ ಟೆಂಟು. ವಾಸನೆ ಬರಲ್ಲ, ನಿಜ ಹೇಳ್ತಿದೀನಿ. ಚೀಲ ವಾಪಸ್ ತರ್ಬೇಕು, ಹೂತು ಬರೋಹಂಗಿಲ್ಲ. ದೊಡ್ಡ ಆರ್‌ವಿ ಇರೋರು ಟ್ಯಾಂಕ್ ಖಾಲಿ ಮಾಡೋಕೆ ಸಾಲ್ಟನ್ ಸೀ ದಡದ ಬಾಂಬೆ ಬೀಚ್ ಅನ್ನೋ ಊರಿನ ಕಡೆಗಿರೋ ದುಡ್ಡು ಕೊಟ್ಟು ಇರೋ ಪಾರ್ಕ್‌ಗಳಲ್ಲಿ ಮೊದಲೇ ವಿಚಾರಿಸ್ಕೊಳ್ಳಿ, ದಯವಿಟ್ಟು ಮರಳಿಗೆ ಬಿಡ್ಬೇಡಿ. ಅಲ್ಲಿ ಸುತ್ತಾಡಿದಾಗ ನಂಗೆ ತುಂಬ ನೋವಾಗಿದ್ದು ಕಸ ನೋಡಿ, ಅದ್ರಲ್ಲಿ ಎಷ್ಟೋ ಭಾಗ ನಮ್ಮಂಥ ನಾಲ್ಕು ದಿನದ ಜನ ಬಿಟ್ಟು ಹೋಗಿದ್ದು ಅಂತ ಆ ಹೆಂಗಸು ಹೇಳಿದ್ರು. ಗಾಡಿ ಬಂದು ಎತ್ಕೊಂಡು ಹೋಗಲ್ಲ, ಬಿಟ್ಟಿದ್ದು ಅಲ್ಲೇ ಬಿದ್ದಿರತ್ತೆ ಇಲ್ಲ ಯಾರೋ ಸುಡ್ತಾರೆ, ಆ ಹೊಗೆ ಅಲ್ಲೇ ಇರೋರಿಗೆ.

ಸೇಫಾ ಅನ್ನೋ ಪ್ರಶ್ನೆಗೆ ಬರ್ತೀನಿ. ನಮಗೆ ಯಾವ ತೊಂದ್ರೆನೂ ಆಗ್ಲಿಲ್ಲ, ಹಾಗಂತ ಅಲ್ಲಿ ಡ್ರಗ್ಸ್ ಇಲ್ಲ, ಕಳ್ಳತನ ಇಲ್ಲ ಅಂದ್ರೆ ಸುಳ್ಳಾಗತ್ತೆ. ಕೌಂಟಿ ಶೆರಿಫ್ ಗಾಡಿ ಓಡಾಡತ್ತೆ, ಆದ್ರೂ ಪ್ಯಾನೆಲ್ಲು, ಬ್ಯಾಟರಿ, ಜನರೇಟರ್ ಹೊರಗೆ ಬಿಟ್ಟು ಎಲ್ರೂ ಒಟ್ಟಿಗೆ ಹೋಗ್ಬೇಡಿ. ಬೆಂಕಿ ಬಗ್ಗೆ ತುಂಬ ಹುಷಾರು, ಎಲ್ಲಾ ಮನೆನೂ ಮರದ ತುಂಡು ಟಾರ್ಪಾಲಿನದ್ದು, ಪೈಪ್‌ಲೈನ್ ಇಲ್ಲದ ಕಡೆ ಒಂದು ಕಿಡಿ ಸಾಕು. ಗಾಳಿ ಇದ್ದ ದಿನ ಒಲೆ ಹಚ್ಲೇಬೇಡಿ. ಮನೆಗಳ ಫೋಟೋ ಕೇಳದೆ ತೆಗೀಬೇಡಿ. ಅಲ್ಲಿ ಪೆನ್ಷನ್‌ನಲ್ಲಿ ಬದುಕೋ ಮುದುಕರಿದಾರೆ, ಬಾಡಿಗೆ ಕಟ್ಟಕ್ಕಾಗದೆ ಬಂದೋರಿದಾರೆ, ಬೇಕಂತಲೇ ಊರು ಬಿಟ್ಟು ಬಂದೋರೂ ಇದಾರೆ, ಅವರ ಮುರುಕಲು ಟ್ರೇಲರ್ ಮುಂದೆ ನಿಂತು ಸೆಲ್ಫಿ ತಗೊಳ್ಳೋದನ್ನ ಕಣ್ಣಾರೆ ಕಂಡೆ, ನಂಗೇ ನಾಚಿಕೆ ಆಯ್ತು.

ಫೋಟೋ ತೆಗೆಯೋಕೆ ಬೇರೆ ಜಾಗ ಇದೆ. ಒಳಗೆ ಬರೋ ದಾರೀಲೇ ಸಾಲ್ವೇಶನ್ ಮೌಂಟನ್. ಲಿಯೊನಾರ್ಡ್ ನೈಟ್ ಅನ್ನೋರು 1984ರಲ್ಲಿ ಬಂದು ಒಬ್ಬರೇ ಕಟ್ಟೋಕೆ ಶುರು ಮಾಡಿದ ಬಣ್ಣದ ಗುಡ್ಡ. ಮೊದಲು ಸಿಮೆಂಟಿಗೆ ಮರಳು ಜಾಸ್ತಿ ಹಾಕಿ ಕಟ್ಟಿದ್ದು 1989ರಲ್ಲಿ ಕುಸೀತು, ಆಮೇಲೆ ಜೇಡಿಮಣ್ಣು ಹುಲ್ಲು ಕಲಸಿ ಮತ್ತೆ ಕಟ್ಟಿದ್ರು, 2014ರಲ್ಲಿ ತೀರಿಕೊಂಡ್ರು. ಅಪ್ಪ ಗೋಡೆ ಹತ್ರ ಹೋಗಿ ಬಣ್ಣ ಬಿರುಕು ಬಿಟ್ಟ ಕಡೆ ಒಣಹುಲ್ಲು ನೋಡಿ "ನಮ್ಮ ಹಳೇ ಮನೆ ಗೋಡೆನೂ ಹಿಂಗೇ, ಮಣ್ಣು ತುಳಿದು ತುಳಿದು ಹದ ಮಾಡ್ತಿದ್ವಿ" ಅಂತ ಬಹಳ ಹೊತ್ತು ನಿಂತಿದ್ರು. ಹತ್ತೋಕೆ ಬಿಟ್ರೆ ಹಳದಿ ಬಣ್ಣದ ದಾರೀಲಿ ಮಾತ್ರ ಹತ್ತಿ, ಬೇರೆ ಕಡೆ ಕಾಲಿಟ್ರೆ ಮಣ್ಣು ಉದುರತ್ತೆ. ಒಳಗಡೆ ಈಸ್ಟ್ ಜೀಸಸ್ ಅಂತ ಇದೆ, ಎಸೆದ ಸಾಮಾನಿನಿಂದಲೇ ಮಾಡಿದ ಶಿಲ್ಪಗಳ ಅಂಗಳ, ಹಳೇ ಟಿವಿಗಳ ಗೋಡೆ ನೋಡ್ಲೇಬೇಕು, ಎರಡೂ ಕಡೆ ಡಬ್ಬಿಗೆ ಕೈಲಾದಷ್ಟು ಹಾಕಿ ಬನ್ನಿ. ಶನಿವಾರ ರಾತ್ರಿ ದಿ ರೇಂಜ್ ಅನ್ನೋ ಬಯಲು ವೇದಿಕೇಲಿ ಸಂಗೀತ ಇರತ್ತೆ, ಹಳೇ ಸೋಫಾಗಳ ಮೇಲೆ ಕೂತು ಕೇಳೋದು.

ಸಾಲ್ಟನ್ ಸೀ ಕಡೆಯಿಂದ ಗಾಳಿ ಬೀಸಿದ ದಿನ ಧೂಳು ಕೆಟ್ಟದ್ದು, ಕೊಳೆತ ಮೊಟ್ಟೆ ವಾಸನೆನೂ ಬರತ್ತೆ. ಆಸ್ತಮಾ ಇರೋರು ಎನ್-95 ಮಾಸ್ಕು, ಇನ್ಹೇಲರ್ ಮರೀಬೇಡಿ. ವಾಪಸ್ ಬರುವಾಗ ಟೈಮಿದ್ರೆ ವೆಸ್ಟ್‌ಮೋರ್ಲೆಂಡ್ ಮೇಲೆ ಬನ್ನಿ, 1956ರಲ್ಲಿ ಅಮೆರಿಕದ ಸಂಸತ್ತಿಗೆ ಗೆದ್ದ ದಲೀಪ್ ಸಿಂಗ್ ಸೌಂಧ್ ಅದಕ್ಕೂ ಮುಂಚೆ ಅಲ್ಲಿ ಜಡ್ಜ್ ಆಗಿದ್ರು, ನೂರು ವರ್ಷದ ಹಿಂದೆ ಪಂಜಾಬಿಂದ ಬಂದು ಈ ಬಿಸಿಲಲ್ಲಿ ಬೇಸಾಯ ಮಾಡಿದವರ ಕಣಿವೆ ಅದು. ಖರ್ಜೂರದ ಮಿಲ್ಕ್‌ಶೇಕ್ ಸಿಗತ್ತೆ.

ಹೊರಡೋ ದಿನ ಬೆಳಗ್ಗೆ ಎರಡು ಚೀಲ ಕಸ, ಬಕೆಟ್ ಚೀಲ ಎಲ್ಲಾ ವ್ಯಾನ್ ಹಿಂದೆ ಕಟ್ಟಿದ್ವಿ. ಉಳಿದ ಒಂದು ಕ್ಯಾನ್ ನೀರನ್ನ ಅಪ್ಪ ಎರಡೂ ಕೈಲಿ ಎತ್ಕೊಂಡು ಹೋಗಿ ಪಕ್ಕದ ಟ್ರೇಲರ್ ಮುಂದಿಟ್ರು. ಆ ಹೆಂಗಸು ನಾವು ಐದು ದಿನದಲ್ಲಿ ಕೊಟ್ಟ ಪುಳಿಯೋಗರೆ, ಅವಲಕ್ಕಿ ಎಲ್ಲಾದಕ್ಕೂ ಥ್ಯಾಂಕ್ಸ್ ಅಂದಿದ್ರು, ಈ ಕ್ಯಾನ್ ನೋಡಿ ಮಾತ್ರ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ, ಆಮೇಲೆ ಅಪ್ಪನ ಕೈ ಹಿಡ್ಕೊಂಡ್ರು. ನೀವು ಹೋಗೋದಾದ್ರೆ ನಿಮ್ಮ ಲೆಕ್ಕಕ್ಕಿಂತ ಒಂದು ಕ್ಯಾನ್ ಜಾಸ್ತಿ ತುಂಬಿಸ್ಕೊಂಡು ಹೋಗಿ.