ಕೆಂಪಾದ ಬಂಗಾರ

ಪುಣೆಯ ಪಾಷಾಣ್ ಬಡಾವಣೆಯಲ್ಲಿ ಬೆಳಗಿನಿಂದ ಮಳೆ ಬಿಟ್ಟಿಲ್ಲ. ಲ್ಯಾಬ್‌ನಲ್ಲಿ ಇವತ್ತು ಮತ್ತೆ ಬಂಗಾರದ ಕೊಲಾಯ್ಡ್, ಅಂದರೆ ಬಂಗಾರದ ಅತಿ ಸಣ್ಣ ಕಣಗಳು ತೇಲುವ ನೀರು, ಮಾಡಿದೆ. ಕುದಿಯುವ ಗೋಲ್ಡ್ ಕ್ಲೋರೈಡ್ ದ್ರಾವಣಕ್ಕೆ ಸಿಟ್ರೇಟ್ ಹಾಕಿದರೆ ತೆಳು ಹಳದಿ ಮಾಯವಾಗುತ್ತದೆ, ಆಮೇಲೆ ಬೂದು ನೀಲಿ, ನೋಡನೋಡುತ್ತಿದ್ದಂತೆ ಕೋಕಂ ಶರಬತ್ತಿನ ಕೆಂಪು. ಎಷ್ಟು ಸಲ ಮಾಡಿದರೂ ಆ ಕ್ಷಣಕ್ಕೆ ಉಸಿರು ಬಿಗಿಹಿಡಿಯುತ್ತೇನೆ.

ಒಂದೊಂದು ಕಣ ಸುಮಾರು 15 ನ್ಯಾನೋಮೀಟರ್. ಮೀಟರನ್ನು 100 ಕೋಟಿ ಪಾಲು ಮಾಡಿದರೆ ಅದರಲ್ಲಿ 15 ಪಾಲು, ಅಷ್ಟೇ! ಅಷ್ಟು ಚಿಕ್ಕದಾದ ಬಂಗಾರದ ಎಲೆಕ್ಟ್ರಾನ್‌ಗಳು ಹಸಿರು ಬೆಳಕಿಗೆ ಒಟ್ಟಾಗಿ ತೂಗಾಡುತ್ತವೆ, ಅದನ್ನು ಹೀರಿಕೊಳ್ಳುತ್ತವೆ. ನಮಗೆ ಉಳಿಯುವುದು ಕೆಂಪು. ವಿಜ್ಞಾನಿ ಮೈಕೆಲ್ ಫ್ಯಾರಡೆ 1857ರಲ್ಲೇ ಈ ಕೆಂಪು ಬಂಗಾರದ ಬಗ್ಗೆ ಬರೆದಿದ್ದ. ಅವನ ಸೀಸೆಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಇನ್ನೂ ಇವೆ.

ಸಂಜೆ ಧಾರವಾಡದಿಂದ ಅವ್ವ ವಿಡಿಯೋ ಕಾಲ್ ಮಾಡಿದಳು. ಅವಳ ಮುಂದೆಯೇ ಸೀಸೆಗೆ ಒಂದಿಷ್ಟು ಉಪ್ಪುನೀರು ಹಾಕಿದೆ. ಕೆಂಪು ಹೋಗಿ ನೀಲಿ ಬಂತು.

“ಅಯ್ಯ, ಹಾಲ ಒಡದಂಗ ಆತಲ್ಲೋ!”

ಎಷ್ಟು ಸರಿಯಾಗಿ ಹೇಳಿದಳು! ಹಾಲೂ ಕೊಲಾಯ್ಡೇ. ಹುಳಿ ಬಿದ್ದಾಗ ಹಾಲಿನ ಪ್ರೋಟೀನ್ ಕಣಗಳನ್ನು ದೂರ ಇಟ್ಟಿದ್ದ ಋಣ ವಿದ್ಯುದಂಶ ಹೋಗುತ್ತದೆ, ಅವು ಕೂಡಿಕೊಳ್ಳುತ್ತವೆ. ಇಲ್ಲಿ ಬಂಗಾರದ ಕಣಗಳಿಗಿರುವ ಅಂಥದೇ ವಿದ್ಯುದಂಶವನ್ನು ಉಪ್ಪು ಮರೆಮಾಡುತ್ತದೆ, ಅವು ಕೂಡಿಕೊಂಡು ನೀಲಿಯಾಗುತ್ತವೆ. ನಮ್ಮ ರಕ್ತದಲ್ಲೂ ಉಪ್ಪಿದೆಯಲ್ಲ, ಹಾಗಾಗಿ ಔಷಧಕ್ಕೆ ಬಳಸುವ ಕಣಗಳಿಗೆ ಪಾಲಿಮರ್‌ನಂಥ ಹೊದಿಕೆ ಬೇಕು. ನನ್ನ ಕೆಲಸವೂ ಅದೇ.

“ಇದರಿಂದ ಯಾರಿಗರೆ ಉಪಯೋಗ ಆಗೇತೇನಪಾ?” ಅಂದಳು. ಕೋವಿಡ್ ಕಿಟ್‌ಗಳ ಕೆಂಪು ಗೆರೆ ನೆನಪಿಸಿದೆ. ಎಷ್ಟೋ ಕಿಟ್‌ಗಳಲ್ಲಿ ಅದು ಇದೇ ಬಂಗಾರ. ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಆ ಸೀಸೆ ಇನ್ನೊಮ್ಮೆ ತೋರಿಸು” ಅಂದಳು.