ನಳದ ನೀರು, ಬೋರಿನ ನೀರು, ಒಂದು ಫಿಲ್ಟರ್

ಕಲಬುರಗಿಯ ಬಹಳಷ್ಟು ಮನೆಗಳಿಗೆ ಎರಡು ನೀರು. ಬೆಣ್ಣೆತೊರೆ, ಭೀಮಾ ಕಡೆಯಿಂದ ಬರುವ ನಳದ ನೀರು ಒಂದು, ಅಂಗಳದ ಬೋರಿನದು ಇನ್ನೊಂದು. ನಳ ದಿನಾ ಬರುವುದಿಲ್ಲವಾದ್ದರಿಂದ ಎರಡೂ ಒಂದೇ ಸಿಂಟೆಕ್ಸಿಗೆ ಬೀಳುತ್ತವೆ. ಸೇಡಂ ರಸ್ತೆ ಕಡೆಯ ಒಂದು ಬಾಡಿಗೆ ಮನೆಗೆ ಕಳೆದ ಬೇಸಿಗೆಯಲ್ಲಿ ಫಿಲ್ಟರ್ ಕೂಡಿಸಿದೆವು. ಅಲ್ಲಿಯೂ ಇದೇ ವ್ಯವಸ್ಥೆ.

“ಬೋರಿನ ನೀರಾಗ ಬ್ಯಾಳಿ ಮೆತ್ತಗ ಆಗೂದೇ ಇಲ್ರೀ, ಎಷ್ಟು ಸೀಟಿ ಹೊಡಸಿದ್ರೂ ಹಂಗೇ ಇರ್ತದ” ಅಂದರು ಮನೆಯ ಅಕ್ಕಾರು. ಗಡಸು ನೀರಿನ ಗುರುತೇ ಅದು. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಪೆಕ್ಟಿನ್ ಜೊತೆ ಕೂಡಿ ಅದನ್ನು ಬಿಗಿ ಮಾಡುತ್ತವೆ. ನೀರಿನಲ್ಲಿ ಕರಗಿದ ಒಟ್ಟು ಲವಣ ತೋರಿಸುವ ಟಿಡಿಎಸ್ ಮೀಟರ್ ಇಟ್ಟು ನೋಡಿದರೆ ನಳದ ನೀರು ಲೀಟರಿಗೆ 310 ಮಿಲಿಗ್ರಾಂ, ಬೋರು 1,180. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುವುದು ಲೀಟರಿಗೆ 500 ಮಿಲಿಗ್ರಾಂ; ಬೇರೆ ನೀರು ಸಿಗದ ಕಡೆ ಮಾತ್ರ 2,000ದವರೆಗೆ. ಮೀಟರನ್ನು ನಳ ಬಂದ ದಿನ ಇಟ್ಟು ನೆಮ್ಮದಿಯಾಗುವವರು ಬಹಳ ಜನ. ಬೋರು ಬಿಟ್ಟ ದಿನವೇ ಇಡಬೇಕು. ಮನೆಗೆ ಬರುವ ಅತಿ ಕೆಟ್ಟ ನೀರಿಗೆ ತಕ್ಕಂತೆ ಫಿಲ್ಟರ್ ಆರಿಸಬೇಕು.

ನಳದ ನೀರೊಂದೇ ಆಗಿದ್ದರೆ, ಒತ್ತಡದಲ್ಲಿ ನೀರನ್ನು ಪೊರೆ (ಮೆಂಬ್ರೇನ್) ದಾಟಿಸಿ ಲವಣ, ಫ್ಲೋರೈಡ್ ತೆಗೆಯುವ ಆರ್‌ಒ ಬೇಕಿರಲಿಲ್ಲ. ಮೇಲಿನ ಡಬ್ಬಿಗೆ ನೀರು ಸುರಿದರೆ ತಾನೇ ಸೋಸಿ ಕೆಳಗಿಳಿಯುವ ಯುಎಫ್ ಫಿಲ್ಟರ್ ಎರಡು-ಮೂರು ಸಾವಿರಕ್ಕೆ ಸಿಗುತ್ತದೆ, ಕರೆಂಟೂ ಬೇಡ. ರಾಡಿ, ಬ್ಯಾಕ್ಟೀರಿಯಾ ಅದರಲ್ಲಿ ನಿಲ್ಲುತ್ತವೆ. ಕರಗಿದ ಲವಣ, ಫ್ಲೋರೈಡ್ ನಿಲ್ಲುವುದಿಲ್ಲ.

ಟಿಡಿಎಸ್ ಮೀಟರಿಗೂ ಒಂದು ಮಿತಿಯಿದೆ. ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದರಿಂದ ಒಟ್ಟು ಲವಣವನ್ನು ಅದು ಅಂದಾಜು ಮಾಡುತ್ತದೆ, ಅಷ್ಟೇ. ಫ್ಲೋರೈಡ್ ತನ್ನ ಗರಿಷ್ಠ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೂ, ನೈಟ್ರೇಟ್ 45 ದಾಟಿದ್ದರೂ ಅದರಲ್ಲಿ ಕಾಣಿಸದು. ಸುರಪುರ ಭಾಗದ ಕಿರದಳ್ಳಿ ತಾಂಡಾದಲ್ಲಿ ಜನರನ್ನು ಹಾಳುಗೆಡವಿದ ಆರ್ಸೆನಿಕ್‌ನ ಮಿತಿ 0.01 ಮಿಲಿಗ್ರಾಂ. ಅಷ್ಟು ಸಣ್ಣ ಪ್ರಮಾಣ ಈ ಮೀಟರಿಗೆ ಸಿಗದು. ಅದಕ್ಕೇ ಬೋರಿನ ನೀರನ್ನು ಒಮ್ಮೆ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು ನೋಡಲೇಬೇಕು. ಈ ಮನೆಯ ವರದಿಯಲ್ಲಿ ಫ್ಲೋರೈಡ್ 1.9 ಬಂತು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಹೆಚ್ಚುತ್ತದೆ. ಅಲ್ಲಿಗೆ ಆರ್‌ಒ ಎಂದು ತೀರ್ಮಾನವಾಯಿತು.

ಕೊಳ್ಳುವಾಗ ಹೊರಗಿನ ಡಬ್ಬಿಯ ಬಣ್ಣ ನೋಡದೆ ಒಳಗಿನ ಸಾಮಾನು ನೋಡಿದೆವು. 10 ಇಂಚಿನ ಸ್ಪನ್ (ರಾಡಿ ಹಿಡಿಯುವ ನೂಲಿನ ಫಿಲ್ಟರ್), 1812 ಅಳತೆಯ, ದಿನಕ್ಕೆ 80 ಗ್ಯಾಲನ್ ಸೋಸುವ (80 ಜಿಪಿಡಿ) ಮೆಂಬ್ರೇನ್, 24 ವೋಲ್ಟಿನ ಪಂಪು, ಕಾಲಿಂಚಿನ ಪೈಪು: ಇವು ಯಾವ ಅಂಗಡಿಯಲ್ಲೂ ಸಿಗುತ್ತವೆ. ಒಂದೇ ಕಂಪನಿಯ ಕಾರ್ಟ್ರಿಜ್ ಮಾತ್ರ ಹೊಂದುವ ಯಂತ್ರ ಇವತ್ತು ಅಗ್ಗವೆನಿಸಿದರೂ ಮುಂದೆ ಪ್ರತಿ ಸಲ ಅವರು ಹೇಳಿದ ರೇಟೇ ಕೊಡಬೇಕು.

ಜೋಡಿಸುವ ಕ್ರಮ ಹೀಗೆ: ನಳಕ್ಕೆ ಮೂರು ದಾರಿಯ ವಾಲ್ವು, ಅಲ್ಲಿಂದ ಹೊರಗಿನ 5 ಮೈಕ್ರಾನ್ ಸ್ಪನ್, ಸಣ್ಣ ರಾಡಿ ಹಿಡಿಯುವ ಸೆಡಿಮೆಂಟ್ ಫಿಲ್ಟರ್, ಕಾರ್ಬನ್, ಪಂಪು, ಮೆಂಬ್ರೇನ್, ಕಡೆಗೆ ಕ್ರಿಮಿ ಕೊಲ್ಲುವ ಯುವಿ ದೀಪ ದಾಟಿ ಡಬ್ಬಿಗೆ. ನಳದ ನೀರಿನ ಕ್ಲೋರಿನ್ ಮೆಂಬ್ರೇನನ್ನು ತಿನ್ನುತ್ತದೆ. ಅದನ್ನು ಹಿಡಿಯುವುದು ಕಾರ್ಬನ್, ಹಾಗಾಗಿ ಅದು ಮೆಂಬ್ರೇನಿಗಿಂತ ಮೊದಲೇ ಇರಬೇಕು. ಹೊಸ ಕಾರ್ಬನ್ನಿನಿಂದ ಮೊದಲು ಕಪ್ಪು ನೀರು ಬರುತ್ತದೆ. ಅದನ್ನು ಬಕೆಟ್ಟಿಗೆ ಬಿಟ್ಟು, ತಿಳಿಯಾದ ಮೇಲೆಯೇ ಮೆಂಬ್ರೇನಿಗೆ ಪೈಪು ಕೊಡಬೇಕು. ಪೈಪನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಿದರೆ ಕನೆಕ್ಟರಿನ ರಬ್ಬರ್ ರಿಂಗಿನ ಮೇಲೆ ಸರಿಯಾಗಿ ಕೂರದೆ ಹನಿಯುತ್ತದೆ. ಬ್ಲೇಡಿನಿಂದ ನೇರ ಕತ್ತರಿಸಿ, ತಳ ಮುಟ್ಟುವವರೆಗೆ ಒತ್ತಿ, ಒಮ್ಮೆ ಹಿಂದಕ್ಕೆ ಎಳೆದು ನೋಡಿದರೆ ಆ ತಾಪತ್ರಯವಿಲ್ಲ.

ಮಾಳಿಗೆ ಮೇಲೆ ನೆಲಕ್ಕೇ ಕೂಡಿಸಿದ ಸಿಂಟೆಕ್ಸಿನಿಂದ ಒತ್ತಡ ಸಾಲದು. 10 ಅಡಿ ಎತ್ತರದ ನೀರು ಕೊಡುವುದು ಚದರ ಸೆಂಟಿಮೀಟರಿಗೆ ಸುಮಾರು 0.3 ಕಿಲೋ ಒತ್ತಡ. ಅದಕ್ಕಿಂತ ಇಳಿದರೆ ಪಂಪು ಗಾಳಿ ಎಳೆದು ಕರಕರ ಎನ್ನುತ್ತದೆ. ಇಲ್ಲಿ ಯಂತ್ರವನ್ನು ಕಟ್ಟೆಯ ಪಕ್ಕಕ್ಕೆ ತಗ್ಗಿಸಿ ಹಾಕಿದ ಮೇಲೆ ಸದ್ದು ನಿಂತಿತು.

ಲವಣ ಹೊತ್ತು ಹೊರಹೋಗುವ ನೀರಿನ ಪೈಪಿನಲ್ಲಿ, ಹರಿವಿಗೆ ಮಿತಿ ಹಾಕುವ ಎಫ್‌ಆರ್ 450 ಹಾಕಿದೆವು. ನಿಮಿಷಕ್ಕೆ 450 ಮಿಲಿ, ಗಂಟೆಗೆ 27 ಲೀಟರ್ ಹೊರಗೆ. ಕುಡಿಯಲು ಸುಮಾರು 12 ಲೀಟರ್. ನೀರಿನ ಕಷ್ಟವಿರುವ ಊರಲ್ಲಿ ಇದು ನೋವಿನ ಲೆಕ್ಕವೇ. ಆದರೆ ಉಳಿಸಲೆಂದು ಆ ಪೈಪನ್ನು ಬಿಗಿ ಮಾಡಿದರೆ ಉಪ್ಪು-ಸುಣ್ಣ ಮೆಂಬ್ರೇನಿನ ಮೇಲೇ ಕೂತು ಕೆಲವೇ ತಿಂಗಳಲ್ಲಿ ಅದು ಕಟ್ಟಿಕೊಳ್ಳುತ್ತದೆ. ಹೊರಬಂದ ನೀರನ್ನು ಡ್ರಮ್ಮಿನಲ್ಲಿ ಹಿಡಿದು ನೆಲ ಒರೆಸಲು, ಪಾಯಖಾನೆಗೆ ಬಳಸಬಹುದು. ಗಿಡಗಳಿಗೆ ಬೇಡ, ಮಣ್ಣು ಸವಳಾಗುತ್ತದೆ.

ಇನ್ನೊಂದು ಸಣ್ಣ ಸ್ಕ್ರೂ ಇದೆ, ಟಿಡಿಎಸ್ ವಾಲ್ವು. ರುಚಿ ಬರಲಿ ಎಂದು ಕೂಡಿಸುವವರು ಅದನ್ನು ತಿರುಗಿಸಿ ಹೋಗುತ್ತಾರೆ. ಅದು ಮೆಂಬ್ರೇನ್ ದಾಟದ ನೀರನ್ನು ಒಳ್ಳೆ ನೀರಿಗೆ ಬೆರೆಸುವ ದಾರಿ. ಯುವಿ ಕ್ರಿಮಿ ಕೊಂದೀತು, ಫ್ಲೋರೈಡ್ ಮಾತ್ರ ಹಾಗೇ ಬರುತ್ತದೆ. ಫ್ಲೋರೈಡ್ ಇರುವ ಮನೆಯಲ್ಲಿ ಅದು ಪೂರ್ತಿ ಮುಚ್ಚಿರಬೇಕು. ಇಲ್ಲಿ ಅದನ್ನು ಮುಚ್ಚಿ, ಮೊದಲ ಡಬ್ಬಿ ತುಂಬ ನೀರು ಚೆಲ್ಲಿ, ಮತ್ತೆ ಅಳೆದಾಗ ಟಿಡಿಎಸ್ ಬಂದದ್ದು 92.

ನಮ್ಮ ಕಡೆ ಬಿಸಿಲಿನದೂ ಒಂದು ಪಾತ್ರವಿದೆ. ಮೆಂಬ್ರೇನಿನ ಅಳತೆಗಳೆಲ್ಲ 25 ಡಿಗ್ರಿ ನೀರಿಗೆ ಹೇಳಿದ್ದು, 45ರ ಮೇಲೆ ಅದನ್ನು ನಡೆಸಲೇಬಾರದು. ಮೇ ಮಧ್ಯಾಹ್ನ ಮಾಳಿಗೆಯ ನೀರು ಕೈ ಸುಡುತ್ತದೆ. ಬಿಸಿ ನೀರಿನಲ್ಲಿ ಯಂತ್ರ ಬೇಗ ತುಂಬುತ್ತದೆ, ಆದರೆ ಲವಣವೂ ಹೆಚ್ಚು ನುಸುಳುತ್ತದೆ. ಅದಕ್ಕೇ ಬೆಳಗ್ಗೆ ಆರು-ಏಳರೊಳಗೆ ಯಂತ್ರ ನಡೆಸಿ ಹರವಿ ತುಂಬಿಕೊಳ್ಳಲು ಅಕ್ಕಾರಿಗೆ ಹೇಳಿದೆವು. ಮಧ್ಯಾಹ್ನ ಕರೆಂಟ್ ಹೋದರೂ ಕುಡಿಯಲು ತಂಪು ನೀರಿರುತ್ತದೆ.

ಸ್ಪನ್ನಿನ ಮೇಲೆ ಹಾಕಿದ ತಾರೀಖು ಬರೆದಿಟ್ಟೆವು. ಮಳೆಗಾಲದಲ್ಲಿ ನದಿ ಕೆಂಪಾದಾಗ ಅದೂ ಬೇಗ ಕೆಂಪಾಗುತ್ತದೆ, ಆಗ ತಿಂಗಳ ಲೆಕ್ಕ ಹಿಡಿಯದೆ ಬಣ್ಣ ನೋಡಿಯೇ ಬದಲಿಸಬೇಕು. ಕಾರ್ಬನ್ ಬಣ್ಣ ತೋರಿಸದು, ವರ್ಷಕ್ಕೊಮ್ಮೆಯಾದರೂ ಬದಲಿಸಲೇಬೇಕು. ಮೆಂಬ್ರೇನಿಗೆ ಮೀಟರೇ ಸಾಕ್ಷಿ: ಬೋರು ಬಿಟ್ಟ ದಿನ ಬೆಳಗ್ಗೆ ತಣ್ಣಗಿನ ನೀರಿನಲ್ಲಿ ಯಂತ್ರಕ್ಕೆ ಹೋಗುವ ನೀರು, ಕುಡಿಯಲು ಬರುವ ನೀರು ಎರಡನ್ನೂ ಅಳೆದು, ಕುಡಿಯುವ ನೀರಿನ ಟಿಡಿಎಸ್ ಒಳಹೋಗುವುದರ ಐದರಲ್ಲೊಂದು ಪಾಲು ದಾಟಿದರೆ ಹೊಸದು ಹಾಕಬೇಕು.